ಸ್ಯಾವೇಜ್ ಗ್ರಾಮದ ಕಬ್ಬಿಣದ ಸೇತುವೆ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಪೂರ್ವಭಾಗದಲ್ಲಿ ಮೇರಿಲೆಂಡ್ ಎಂಬ ಪ್ರಾಂತವುಂಟು. ಆ ಪ್ರಾಂತದ ದೊಡ್ಡ ರೇವುಪಟ್ಟಣವಾದ ಬಾಲ್ಟಿಮೋರಿಗೂ ದೇಶದ ರಾಜಧಾನಿಯಾದ ವಾಷಿಂಗ್ಟನ್ನಿಗೂ ನಡುವೆ ಸ್ಯಾವೇಜ್ ಎಂಬ ಸಣ್ಣ ಊರೊಂದಿದೆ. ಊರಿನ ಮಗ್ಗುಲಲ್ಲಿಯೇ ಲಿಟ್ಲ್ ಪಟಕ್ಸೆಂಟ್ ಎಂಬ ಹೊಳೆಯು ಬಂಡೆಗಳ ನಡುವೆ ಹರಿಯುತ್ತದೆ. ಆ ಹೊಳೆಯ ಮೇಲೆ ಸುಮಾರು 160 ಅಡಿ ಉದ್ದದ ಕಬ್ಬಿಣದ ಸೇತುವೆಯೊಂದು ನಿಂತಿದೆ. ನಮ್ಮ ದೇಶದ ಮಹಾನದಿಗಳನ್ನು ರೈಲುಗಾಡಿಯಲ್ಲಿ ಕುಳಿತು ದಾಟಿದವರಿಗೆ ಈ ಅಳತೆಯು ಏನೂ ದೊಡ್ಡದೆಂದು ತೋರಲಾರದು. ಅದರ ಮೇಲೆ ಈಗ ರೈಲು ಓಡುವುದೂ ಇಲ್ಲ. ಕಾಲ್ನಡಿಗೆಯ ಜನರು ಮಾತ್ರ ಅತ್ತಿತ್ತ ನಡೆದಾಡುವರು. ಹೀಗಿದ್ದರೂ ಸೇತುವೆಗಳ ಚರಿತ್ರೆಯನ್ನು ಬಲ್ಲವರು ಇದನ್ನು ಬಹು ಗೌರವದಿಂದ ಕಾಣುತ್ತಾರೆ. ಏಕೆಂದರೆ ಒಂದು ಕಾಲದಲ್ಲಿ ಇದೇ ಮಾದರಿಯ ಸೇತುವೆಗಳು ಸುಮಾರು ನೂರರಷ್ಟಿದ್ದವು. ಇಂದು ಉಳಿದಿರುವುದು ಇದೊಂದೇ.

ಈ ಸೇತುವೆಯು ಯಾವ ಯುಕ್ತಿಯಿಂದ ಕಟ್ಟಲ್ಪಟ್ಟಿತು, ಇದರ ಜೊತೆಯವುಗಳೆಲ್ಲ ಅಳಿದ ಮೇಲೂ ಇದೊಂದು ಉಳಿದುದು ಹೇಗೆ, ಕೆಲಸ ತೀರಿದ ವಸ್ತುವನ್ನು ಹಣ ವೆಚ್ಚಮಾಡಿ ಕಾಪಾಡುವುದು ಯುಕ್ತವೇ, ಎಂಬ ಮೂರು ಪ್ರಶ್ನೆಗಳನ್ನು ನಾವು ಇಲ್ಲಿ ಕ್ರಮವಾಗಿ ವಿಚಾರಿಸೋಣ. ಸೇತುವೆಯ ವಿಷಯವು ಎಂಜಿನಿಯರುಗಳಿಗೆ ಮಾತ್ರ ಸೇರಿದ್ದೆಂದು ನಮ್ಮ ಓದುಗರು ಭಾವಿಸಬಾರದು. ಮನೆಯಲ್ಲಿ ನೆಲುವು ಕಟ್ಟಿದವರಿಗೂ ಹಗ್ಗಕ್ಕೆ ಬಟ್ಟೆ ಹರವಿದವರಿಗೂ ಇದರ ಅರ್ಧಭಾಗವು ಆಗಲೇ ತಿಳಿದಿದೆ.

ತ್ರಿಕೋನದ ಬಲ

ಮೊದಲು ಟ್ರಸ್ ಎಂಬ ಮಾತಿನ ಅರ್ಥವನ್ನು ಹೇಳತಕ್ಕದ್ದು ಅವಶ್ಯ. ನಾಲ್ಕು ಕಡ್ಡಿಗಳನ್ನು ತೆಗೆದುಕೊಂಡು ತುದಿಗಳಲ್ಲಿ ದಾರದಿಂದ ಕಟ್ಟಿ ಒಂದು ಚೌಕವನ್ನು ಮಾಡಿರಿ. ಒಂದು ಮೂಲೆಯನ್ನು ಬೆರಳಿನಿಂದ ಒತ್ತಿದರೆ ಚೌಕವು ಓರೆಯಾಗಿ ಮಲಗಿಬಿಡುವುದು. ಮೂರೇ ಕಡ್ಡಿಗಳಿಂದ ತ್ರಿಕೋನವನ್ನು ಕಟ್ಟಿ ಹಾಗೆಯೇ ಒತ್ತಿರಿ. ಕಡ್ಡಿ ಮುರಿಯಬೇಕು, ಇಲ್ಲವೆ ಗಂಟು ಬಿಚ್ಚಬೇಕು. ಅಲ್ಲಿಯವರೆಗೂ ಅದರ ಆಕಾರವು ಬದಲಾಗುವುದಿಲ್ಲ. ಈ ಗುಣವನ್ನು ಆಧಾರವಾಗಿಟ್ಟುಕೊಂಡು ಅನೇಕ ತ್ರಿಕೋನಗಳನ್ನು ಒಂದಕ್ಕೊಂದು ಸೇರಿಸಿ ಹೆಣೆದ ಚೌಕಟ್ಟಿಗೆ ಟ್ರಸ್ ಎಂದು ಹೆಸರು. ಹಂಚಿನ ಮಾಡಿನ ದೊಡ್ಡ ಶಾಲಾಕೊಠಡಿಗಳಲ್ಲಿ ಓದಿದವರು ತಲೆಯೆತ್ತಿ ನೋಡಿದಾಗ ಮಾಡಿನ ಕೆಳಗೆ ಮುಕ್ಕೋನೆಯಾಗಿ ಜೋಡಿಸಿದ ತೊಲೆಗಳನ್ನು ಕಂಡಿರುವರಷ್ಟೆ. ಅದೂ ಒಂದು ಟ್ರಸ್ಸೇ.

ಟ್ರಸ್ಸಿನ ಪ್ರತಿಯೊಂದು ಅಂಗವೂ ಎರಡರಲ್ಲಿ ಒಂದು ಕೆಲಸವನ್ನು ಮಾಡುತ್ತದೆ. ಕೆಲವು ಅಂಗಗಳು ಎರಡು ಕಡೆಯಿಂದಲೂ ಅದುಮಲ್ಪಡುತ್ತವೆ; ಕೆಲವು ಎರಡು ಕಡೆಗೂ ಎಳೆಯಲ್ಪಡುತ್ತವೆ. ಗೋಡೆಗೆ ಆನಿಸಿಟ್ಟ ಊರೆಯು ಅದುಮಿಕೆಯನ್ನು ತಾಳುತ್ತದೆ. ಬಾವಿಯ ಹಗ್ಗವು ಎಳೆತವನ್ನು ತಾಳುತ್ತದೆ. ಹಗ್ಗದಿಂದ ಊರೆಯ ಕೆಲಸವನ್ನು ಮಾಡಿಸಲಾಗದು. ಯಾವ ಅಂಗಕ್ಕೆ ಯಾವ ಕೆಲಸವೆಂದು ಅರಿತು, ಆ ಕೆಲಸಕ್ಕೆ ತಕ್ಕ ಪದಾರ್ಥವನ್ನೇ ಅಲ್ಲಿ ಇಡುವುದು ಸೇತುವೆ ಕಟ್ಟುವವನ ಮುಖ್ಯ ವಿದ್ಯೆ.

ಮರದಿಂದ ಕಬ್ಬಿಣಕ್ಕೆ

1828ನೆಯ ಇಸವಿ ಜುಲೈ 4ರಂದು ಬಾಲ್ಟಿಮೋರ್ ಪಟ್ಟಣದಲ್ಲಿ ಬಾಲ್ಟಿಮೋರ್ ಅಂಡ್ ಒಹಾಯೋ ರೈಲ್ವೆಯ ಮೊದಲನೆಯ ಕಲ್ಲನ್ನು ಇಟ್ಟರು. ಅಮೆರಿಕಾ ದೇಶದ ಸ್ವಾತಂತ್ರ್ಯಪತ್ರಕ್ಕೆ ಸಹಿಹಾಕಿದವರಲ್ಲಿ ಆಗ ಬದುಕಿದ್ದ ಒಬ್ಬನೇ ಒಬ್ಬ ವೃದ್ಧನಾದ ಚಾರ್ಲ್ಸ್ ಕ್ಯಾರಲ್ ಎಂಬವನು ಆ ಕಾರ್ಯವನ್ನು ನಡೆಸಿದನು. ಆ ದಿವಸದ ಮೆರವಣಿಗೆಯಲ್ಲಿ ನಡೆದ ಬಾಲಕರಲ್ಲಿ ವೆಂಡೆಲ್ ಬೋಲ್ಮನ್ ಎಂಬವನೂ ಒಬ್ಬನು. 1814ರಲ್ಲಿ ಹುಟ್ಟಿದ ಇವನಿಗೆ ಆಗ 14 ವರ್ಷ ವಯಸ್ಸು. ಜರ್ಮನಿಯಿಂದ ಬಂದು ನೆಲೆಸಿದ ಮನೆತನದ ಈ ಹುಡುಗನು ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡಿದ್ದನು. ದೊಡ್ಡ ವಿದ್ಯಾಶಾಲೆಗಳ ಮೆಟ್ಟಿಲನ್ನು ಹತ್ತುವ ಅನುಕೂಲವು ಅವನಿಗಿರಲಿಲ್ಲ. ಮರಗೆಲಸವನ್ನು ಕಲಿತು, ರೈಲುದಾರಿಯ ಕೆಲಸದಲ್ಲಿ ಸೇರಿ, ಕೆಲವು ವರ್ಷ ಮನೆಗಳನ್ನು ಕಟ್ಟಿ, ಪುನಃ ರೈಲ್ವೆಗೆ ಬಂದು ಮರದ ಸೇತುವೆಗಳ ದುರಸ್ತಿಯನ್ನು ಮಾಡುತ್ತಿದ್ದನು. ಲೆಕ್ಕವನ್ನೂ ಸೇತುವೆಯ ಶಾಸ್ತ್ರವನ್ನೂ ಸ್ವಂತ ಪ್ರಯತ್ನದಿಂದಲೇ ಕಲಿತನು. 1848ರ ಹೊತ್ತಿಗೆ ರೈಲುದಾರಿಯ ಮೇಲ್ವಿಚಾರಣೆಯು ಇವನ ಕೈಗೆ ಬಂದಿತ್ತು.

ಆ ಕಾಲದಲ್ಲಿ ಅಮೆರಿಕಾದ ರೈಲ್ವೆ ಸೇತುವೆಗಳಲ್ಲಿ ಬಹುಭಾಗವು ಮರದವೇ. ಕಾಡು ಹತ್ತಿರವಿದ್ದುದರಿಂದ ಮರವು ಅಗ್ಗ, ಕಟ್ಟುವುದೂ ಬೇಗ. ಆದರೆ ಮರಕ್ಕೆ ಶತ್ರುಗಳು ಬಹಳ. ಮಳೆಯಿಂದ ಕೊಳೆಯುವುದು, ಉಗಿಬಂಡಿಯಿಂದ ಹಾರಿದ ಕಿಡಿಯಿಂದ ಉರಿಯುವುದು. ವರ್ಷವರ್ಷವೂ ಅದರ ದುರಸ್ತಿಯ ಖರ್ಚು ಬೆಳೆಯುತ್ತ ಹೋಗುವುದು. ಅದನ್ನು ಪ್ರತಿದಿನ ಕೈಯಿಂದ ಮುಟ್ಟಿ ನೋಡುತ್ತಿದ್ದ ಬೋಲ್ಮನ್ನನಿಗೆ ಕಬ್ಬಿಣದ ಸೇತುವೆಯ ಅವಶ್ಯಕತೆಯು ಚೆನ್ನಾಗಿ ಮನವರಿಕೆಯಾಯಿತು. ಆದರೆ ಬೇರೆಡೆಗಳಲ್ಲಿ ಕಟ್ಟಿದ ಕೆಲವು ಕಬ್ಬಿಣದ ಸೇತುವೆಗಳು ಕುಸಿದು ಬಿದ್ದಿದ್ದುದರಿಂದ ರೈಲ್ವೆಯವರಿಗೆ ಆ ಲೋಹದ ಮೇಲೆ ಪೂರ್ಣ ನಂಬಿಕೆಯಿರಲಿಲ್ಲ. ಆದಕಾರಣ ಹೊಸ ಸೇತುವೆಯು ಬಲವಾಗಿದ್ದರೆ ಸಾಲದು. ಒಂದು ಅಂಗಕ್ಕೆ ಊನ ಬಂದರೂ ಮಿಕ್ಕ ಸೇತುವೆಯು ಬೀಳದಂತಿರಬೇಕು. ಈ ಬೇಡಿಕೆಗೆ ಅವನು ಕೊಟ್ಟ ಉತ್ತರವೇ ಬೋಲ್ಮನ್ ಟ್ರಸ್. ಅದರ ಮೊದಲನೆಯ ಸೇತುವೆಯನ್ನು 1850ರಲ್ಲಿ ಕಟ್ಟಿದರು. 1852ರ ಜನವರಿ ತಿಂಗಳಲ್ಲಿ ಅವನಿಗೆ ಅದರ ಪೇಟೆಂಟ್ ಹಕ್ಕು ದೊರೆಯಿತು.

ರಚನೆಯ ಯುಕ್ತಿ

ಆ ಯುಕ್ತಿಯನ್ನು ಚಿತ್ರವಿಲ್ಲದೆಯೇ ಗ್ರಹಿಸಬಹುದು. ಇಬ್ಬರು ಹುಡುಗಿಯರು ಎಂಟು ಹತ್ತು ಅಡಿ ದೂರದಲ್ಲಿ ಎದುರುಬದುರಾಗಿ ನಿಂತು ಒಂದು ಹಗ್ಗದ ಎರಡು ತುದಿಗಳನ್ನು ಹಿಡಿದಿದ್ದಾರೆಂದೂ, ಆ ಹಗ್ಗದ ನಡುವೆ ನೀರು ತುಂಬಿದ ಒಂದು ತಂಬಿಗೆಯನ್ನು ತೂಗಹಾಕಿದೆಯೆಂದೂ ಭಾವಿಸಿರಿ. ತಂಬಿಗೆಯ ಭಾರವು ಇಬ್ಬರ ಕೈಗಳನ್ನೂ ಕೆಳಕ್ಕೆ ಜಗ್ಗುವುದಲ್ಲದೆ ಒಳಕ್ಕೂ ಎಳೆಯುತ್ತದೆ. ಇಬ್ಬರೂ ಒಬ್ಬರ ಕಡೆಗೊಬ್ಬರು ವಾಲುವರು. ಈಗ ಒಂದು ಬಿದಿರು ಗಳವನ್ನು ಇಬ್ಬರ ಕೈಗಳ ನಡುವೆ ಅಡ್ಡಲಾಗಿ ಇಟ್ಟರೆ ಗಳವು ಇಬ್ಬರನ್ನೂ ದೂರ ತಡೆದು ನಿಲ್ಲಿಸುತ್ತದೆ. ಹಗ್ಗವು ಎಳೆತವನ್ನು ತಾಳಿತು. ಗಳವು ಅದುಮಿಕೆಯನ್ನು ತಾಳಿತು. ಹುಡುಗಿಯರಿಗೆ ತಂಬಿಗೆಯ ತೂಕದ ಹೊರತು ಬೇರೆ ಶ್ರಮವಿಲ್ಲ.

ಇನ್ನು ಒಂದು ತಂಬಿಗೆಗೆ ಬದಲಾಗಿ ನಾಲ್ಕನ್ನು ಸಾಲಾಗಿ ತೂಗಹಾಕಬೇಕಾಗಿದೆ. ನಾಲ್ಕನ್ನೂ ಒಂದೇ ಹಗ್ಗಕ್ಕೆ ಕಟ್ಟಿದರೆ ಹಗ್ಗ ಹರಿದಾಗ ನಾಲ್ಕೂ ನೆಲಕ್ಕೆ ಬೀಳುವುವು. ಬೋಲ್ಮನ್ನನು ಹಾಗೆ ಮಾಡಲಿಲ್ಲ. ಪ್ರತಿಯೊಂದು ತಂಬಿಗೆಗೂ ಪ್ರತ್ಯೇಕವಾದ ಹಗ್ಗವನ್ನು ಕೊಟ್ಟು, ಎಲ್ಲ ಹಗ್ಗಗಳ ತುದಿಗಳನ್ನೂ ಆ ಎರಡು ಕೈಗಳಿಗೇ ತಂದು ಸೇರಿಸಿದನು. ಸೇತುವೆಯಲ್ಲಿ ಹುಡುಗಿಯರ ಸ್ಥಾನದಲ್ಲಿ ಎರಡು ಕೊನೆಗಳ ಕಂಬಗಳಿವೆ. ಬಿದಿರಿನ ಸ್ಥಾನದಲ್ಲಿ ಮೇಲುಗಡೆಯ ಅಡ್ಡದಿಂಡು ಇದೆ. ತಂಬಿಗೆಗಳ ಸ್ಥಾನದಲ್ಲಿ ರೈಲುದಾರಿಯನ್ನು ಹೊತ್ತ ಅಡ್ಡತೊಲೆಗಳಿವೆ. ಪ್ರತಿಯೊಂದು ಅಡ್ಡತೊಲೆಯ ತುದಿಯಿಂದಲೂ ಎರಡು ಓರೆಸರಳುಗಳು ಹೊರಟು, ಒಂದು ಎಡಗಡೆಯ ಕಂಬದ ತಲೆಗೂ ಒಂದು ಬಲಗಡೆಯ ಕಂಬದ ತಲೆಗೂ ಹೋಗಿ ಸೇರುತ್ತವೆ. ಹೀಗಾಗಿ ಸೇತುವೆಯನ್ನು ಪಕ್ಕದಿಂದ ನೋಡಿದರೆ ಕಂಬದ ತಲೆಯಿಂದ ಸರಳುಗಳು ಬೀಸಣಿಗೆಯ ಕಡ್ಡಿಗಳಂತೆ ಹರಡಿಕೊಂಡಿರುವುದು ಕಾಣುತ್ತದೆ.

ಪದಾರ್ಥಗಳ ಆಯ್ಕೆಯಲ್ಲಿಯೂ ಇದೇ ವಿವೇಕವು ಕಂಡುಬರುತ್ತದೆ. ಕರಗಿಸಿ ಅಚ್ಚಿನಲ್ಲಿ ಹೊಯ್ದ ಎರಕದ ಕಬ್ಬಿಣವು ಅದುಮಿಕೆಗೆ ಗಟ್ಟಿ. ಎಳೆದರೆ ಸೂಚನೆ ಕೊಡದೆ ಥಟ್ಟನೆ ಮುರಿಯುವುದು. ಕಾಸಿ ಬಡಿದು ಹದಗೊಳಿಸಿದ ಮೆದು ಕಬ್ಬಿಣವು ಎಳೆತಕ್ಕೆ ಒಳ್ಳೆಯದು. ಆದುದರಿಂದ ಮೇಲಿನ ದಿಂಡು, ಕಂಬಗಳು ಇವೆಲ್ಲ ಎರಕದ ಕಬ್ಬಿಣದವು. ಓರೆಸರಳುಗಳೆಲ್ಲ ಮೆದು ಕಬ್ಬಿಣದವು. ಎರಡು ಜಾತಿಯ ಲೋಹಗಳೂ ತಮ್ಮ ತಮ್ಮ ಸ್ವಭಾವಕ್ಕೆ ಒಪ್ಪುವ ಕೆಲಸವನ್ನು ಪಡೆದಿವೆ.

ಈ ಏರ್ಪಾಡಿನ ಬೆಲೆಯನ್ನು ತಿಳಿಯಬೇಕಾದರೆ ಇನ್ನೊಂದು ಸೇತುವೆಯ ಕಥೆಯನ್ನು ನೆನೆಯಬೇಕು. ಒಹಾಯೋ ಪ್ರಾಂತದ ಅಷ್ಟಬುಲಾ ಎಂಬ ಊರಿನಲ್ಲಿ ಬೇರೊಂದು ಮಾದರಿಯ ಕಬ್ಬಿಣದ ಟ್ರಸ್ ಸೇತುವೆಯಿತ್ತು. ಅದರಲ್ಲಿ ಒಂದು ಭಾಗದ ಭಾರವು ಮುಂದಿನ ಭಾಗದ ಮೂಲಕವೇ ದಡಕ್ಕೆ ಸಾಗಬೇಕಾಗಿತ್ತು. 1876ರ ಡಿಸೆಂಬರ್ 29ರ ರಾತ್ರಿ ಹಿಮ ಸುರಿಯುತ್ತಿದ್ದಾಗ ಪ್ರಯಾಣಿಕರ ರೈಲು ಆ ಸೇತುವೆಯ ಮೇಲೆ ಬಂದಿತು. ಎರಕದ ಕಬ್ಬಿಣದ ಒಂದು ತುಂಡು ಮುರಿಯಿತು. ಅದರೊಡನೆ ಸೇತುವೆಯೆಲ್ಲವೂ ಕಮರಿಗೆ ಬಿದ್ದಿತು. ಗಾಡಿಗಳಿಗೆ ಬೆಂಕಿಯೂ ಹೊತ್ತಿಕೊಂಡಿತು. ಸುಮಾರು 90 ಮಂದಿ ಪ್ರಾಣವನ್ನು ಕಳೆದುಕೊಂಡರು. ಒಂದು ತುಂಡಿನ ದೋಷವು ಸಮಸ್ತವನ್ನೂ ಕೆಡವಬಾರದೆಂಬ ಬೋಲ್ಮನ್ನನ ಚಿಂತೆಯು ಎಷ್ಟು ದೂರದೃಷ್ಟಿಯದೆಂಬುದು ಇದರಿಂದ ಗೊತ್ತಾಗುತ್ತದೆ.

ಆದರೂ ಅವನ ಟ್ರಸ್ ನಿರ್ದುಷ್ಟವಾದುದೆಂದು ಹೇಳಲಾಗದು. ನಡುವಿನ ಅಡ್ಡತೊಲೆಗೆ ಬರುವ ಎರಡು ಸರಳುಗಳು ಸಮವಾದ ಉದ್ದದವು. ಕೊನೆಯ ಹತ್ತಿರದ ತೊಲೆಗಾದರೋ ಒಂದು ಸರಳು ಬಹಳ ಗಿಡ್ಡ, ಇನ್ನೊಂದು ಬಹಳ ಉದ್ದ. ಬಿಸಿಲಿಗೆ ಕಬ್ಬಿಣವು ಹಿಗ್ಗುವುದೂ ಚಳಿಗೆ ಕುಗ್ಗುವುದೂ ಲೋಕಪ್ರಸಿದ್ಧ. ಉದ್ದನೆಯ ಸರಳು ಹೆಚ್ಚು ಹಿಗ್ಗಿ, ಗಿಡ್ಡನೆಯದು ಕಡಿಮೆ ಹಿಗ್ಗಿದರೆ ಎರಡೂ ಸೇರಿದ ಸ್ಥಳವು ಒಂದು ಕಡೆಗೆ ಸರಿಯುವುದು. ಸರಳುಗಳ ಬಿಗಿಯು ಹೆಚ್ಚುಕಡಿಮೆಯಾಗುವುದು. ಸೇತುವೆಯ ಉದ್ದ ಹೆಚ್ಚಿದಂತೆ ಈ ತೊಂದರೆಯೂ ಸರಳುಗಳ ಸಂಖ್ಯೆಯೂ ಹೆಚ್ಚುವುವು. ಉಗಿಬಂಡಿಗಳ ತೂಕವು ವರ್ಷೇವರ್ಷೇ ಏರಿತು, ಇದಕ್ಕಿಂತ ಸರಳವಾದ ಮಾದರಿಗಳು ಬಂದುವು, ಉಕ್ಕು ಅಗ್ಗವಾಯಿತು. 1870ರ ದಶಕವು ಕಳೆಯುವಷ್ಟರಲ್ಲಿ ಹೊಸ ಬೋಲ್ಮನ್ ಸೇತುವೆಗಳನ್ನು ಕಟ್ಟುವ ಪದ್ಧತಿಯೇ ನಿಂತುಹೋಯಿತು. ಬೋಲ್ಮನ್ನನು 1884ರಲ್ಲಿ ತೀರಿಕೊಂಡನು.

ಅಳಿದವು, ಉಳಿದದ್ದು

ಈ ಜಾತಿಯ ಸೇತುವೆಗಳಲ್ಲಿ ಬಹಳ ಹೆಸರಾದದ್ದು ಹಾರ್ಪರ್ಸ್ ಫೆರಿ ಎಂಬ ಊರಿನದು. ಪೊಟೊಮ್ಯಾಕ್, ಶೆನಾಂಡೋವಾ ಎಂಬ ಎರಡು ನದಿಗಳು ಬೆಟ್ಟಗಳ ನಡುವೆ ಕೂಡುವ ಸ್ಥಳ ಅದು. ಅಮೆರಿಕಾದ ಅಂತರ್ಯುದ್ಧ ಆರಂಭವಾದ 1861ರಲ್ಲಿ ದಕ್ಷಿಣದ ಸೈನ್ಯದವರು ಅಲ್ಲಿಯ ರೈಲ್ವೆ ಸೇತುವೆಯನ್ನು ಸಿಡಿಮದ್ದಿನಿಂದ ಹಾರಿಸಿದರು. ಯುದ್ಧಾನಂತರ ಅಲ್ಲಿ ನಿಂತ ಬೋಲ್ಮನ್ ಸೇತುವೆಯು ರೈಲುದಾರಿಯನ್ನು ಬೇರೆಡೆಗೆ ತಿರುಗಿಸಿದ ಬಳಿಕ ರಸ್ತೆಯ ಸೇತುವೆಯಾಗಿ ಉಪಯೋಗಕ್ಕೆ ಬಂದಿತು. ಕೊನೆಗೆ 1936ರ ಮಹಾಪ್ರವಾಹದಲ್ಲಿ ಅದು ಕೊಚ್ಚಿಹೋಯಿತು. ಮಿಕ್ಕವುಗಳು ಇಷ್ಟು ಸುದ್ದಿಯಿಲ್ಲದೆ ಹೋದವು. ಭಾರವಾದ ರೈಲುಗಳಿಗೆ ಸಾಲದೆಂದು ಒಂದೊಂದನ್ನಾಗಿ ಇಳಿಸಿ, ಅವುಗಳ ಸ್ಥಾನದಲ್ಲಿ ಬೇರೆ ಸೇತುವೆಗಳನ್ನು ಇಟ್ಟರು. ಹಳೆಯ ಕಬ್ಬಿಣವು ಗುಜರಿಗೆ ಸೇರಿತು.

ಸ್ಯಾವೇಜ್ ಸೇತುವೆಗೂ ಇದೇ ಗತಿಯು ಬರಬೇಕಾಗಿತ್ತು. 1869ರಲ್ಲಿ ಕಟ್ಟಿದಾಗ ಅದು ಇದ್ದದ್ದು ಈ ಹೊಳೆಯ ಮೇಲಲ್ಲ. ಬಾಲ್ಟಿಮೋರ್ ಅಂಡ್ ಒಹಾಯೋ ರೈಲ್ವೆಯ ಮುಖ್ಯದಾರಿಯ ಮೇಲೆ. ದಾರಿಯಲ್ಲಿ ಭಾರವು ಹೆಚ್ಚಿದಾಗ ಅದನ್ನು ಅಲ್ಲಿಂದ ತೆಗೆಯಬೇಕಾಯಿತು. ಅಷ್ಟರಲ್ಲಿ ಸ್ಯಾವೇಜಿನ ಹತ್ತಿಗಿರಣಿಗೆ ಹೋಗುವ ಕವಲುದಾರಿಗೆ ಒಂದು ಸೇತುವೆ ಬೇಕಾಗಿತ್ತು. 1820ರ ದಶಕದಲ್ಲಿ ಆರಂಭವಾದ ಆ ಗಿರಣಿಯಲ್ಲಿ ಹಡಗುಗಳ ಹಾಯಿಗೆ ಬೇಕಾದ ದಪ್ಪ ಅರಿವೆಯನ್ನು ನೇಯುತ್ತಿದ್ದರು. ಅರಿವೆಯ ಗಾಡಿಗಳು ಹೆಚ್ಚು ಭಾರದವಲ್ಲ. ದಿನಕ್ಕೆ ಓಡುವ ರೈಲುಗಳೂ ಕೆಲವೇ. ಹೀಗಿರುವಾಗ ಹೊಸದನ್ನು ಕೊಳ್ಳುವುದೇತಕ್ಕೆಂದು ರೈಲ್ವೆಯವರು ಹಳೆಯ ಸೇತುವೆಯನ್ನು ಬಿಚ್ಚಿ, 1887ರಲ್ಲಿ ಇಲ್ಲಿಗೆ ತಂದು ಪುನಃ ಜೋಡಿಸಿದರು. ಅದರ ಅಂಗಗಳು ಪಿನ್ನುಗಳಿಂದಲೂ ತಿರುಪುಗಳಿಂದಲೂ ಕೂಡಿಸಲ್ಪಟ್ಟವಾದುದರಿಂದ ಬಿಚ್ಚಿ ಕಟ್ಟುವುದು ಸಾಧ್ಯವಾಯಿತು. ಎರಡು ಅಂಕಣಗಳಾಗಿ, ಒಂದೊಂದು ಸುಮಾರು 80 ಅಡಿಯಂತೆ, ನಡುವೆ ಕಲ್ಲುಕಂಬದ ಆಸರೆಯಿಂದ ಅದು ಇಲ್ಲಿ ನಿಂತಿತು.

ನಮ್ಮ ಮನೆಗಳಲ್ಲಿಯೂ ಇಂಥ ಮಿತವ್ಯಯವನ್ನು ಕಾಣುವೆವು. ದೊಡ್ಡವಳಿಗೆ ಚಿಕ್ಕದಾದ ಲಂಗವು ತಂಗಿಗೆ ಬರುತ್ತದೆ. ತಂಗಿಗೂ ಹರಿದ ಮೇಲೆ ಕೌದಿಯಲ್ಲಿ ಸೇರುತ್ತದೆ. ರೈಲ್ವೆಯವರು ಅಂದು ಚರಿತ್ರೆಯನ್ನು ಉಳಿಸಬೇಕೆಂದು ಯೋಚಿಸಿದವರಲ್ಲ; ಕಾಸನ್ನು ಉಳಿಸಬೇಕೆಂದು ಯೋಚಿಸಿದರು. ಆದರೂ ಆ ಮಿತವ್ಯಯವೇ ಸೇತುವೆಯನ್ನು 60 ವರ್ಷಗಳ ಕಾಲ ಕಾಪಾಡಿತು. ಮುಖ್ಯದಾರಿಯಲ್ಲಿ ಉಳಿದ ಅದರ ಜೊತೆಯವುಗಳು ಅಳಿದುಹೋದವು. ಮೂಲೆಯ ಕವಲಿಗೆ ಹೋದದ್ದು ಬದುಕಿತು. 1947ರಲ್ಲಿ ಗಿರಣಿಯು ಮುಚ್ಚಿತು. ಅಲ್ಲಿಂದಾಚೆಗೆ ಸೇತುವೆಗೆ ಹೊರಬೇಕಾದ ಹೊರೆಯಿಲ್ಲ, ನೋಡಿಕೊಳ್ಳಬೇಕಾದ ಒಡೆಯರೂ ಇಲ್ಲದಂತಾಯಿತು. ಯಾವ ವಸ್ತುವಿಗಾದರೂ ಅತ್ಯಂತ ಅಪಾಯದ ಕಾಲವು ಇದೇ. ದುಡಿಯುವ ಸೇತುವೆಯ ತುಕ್ಕನ್ನು ಯಾರಾದರೂ ಕೆರೆದು ಬಣ್ಣ ಹಚ್ಚುವರು. ದುಡಿಯದ ಸೇತುವೆಯ ತುಕ್ಕನ್ನು ಯಾರೂ ನೋಡರು.

ಸಂರಕ್ಷಣೆಯ ಕಾರ್ಯ

ಈ ಸಮಯದಲ್ಲಿ ಸೇತುವೆಗೆ ನೆರವಾದದ್ದು ವಿದ್ಯೆ. 1960ರ ದಶಕದಲ್ಲಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ರಾಬರ್ಟ್ ವೋಗೆಲ್ ಎಂಬ ವಿದ್ವಾಂಸರು ಬೋಲ್ಮನ್ನನ ಜೀವನವನ್ನೂ ಅವನ ಸೇತುವೆಗಳನ್ನೂ ಕುರಿತು ಒಂದು ಪ್ರೌಢಪ್ರಬಂಧವನ್ನು ಪ್ರಕಟಿಸಿದರು. ಅಮೆರಿಕಾದ ಸಿವಿಲ್ ಎಂಜಿನಿಯರುಗಳ ಸಂಘವು ಚರಿತ್ರಾರ್ಹವಾದ ಕಟ್ಟಡಗಳನ್ನು ಗುರುತಿಸಿ ಗೌರವಿಸಲು ಆರಂಭಿಸಿದಾಗ, 1966ರಲ್ಲಿ ಮೊತ್ತಮೊದಲನೆಯದಾಗಿ ಆರಿಸಿದ್ದು ಈ ಸೇತುವೆಯನ್ನೇ. ಆ ಸಂಘವು ಸ್ಥಾಪಿತವಾದ ವರ್ಷವೂ ಬೋಲ್ಮನ್ನನಿಗೆ ಪೇಟೆಂಟ್ ದೊರೆತ ವರ್ಷವೂ ಒಂದೇ, 1852. ಸ್ವಂತವಾಗಿ ಕಲಿತ ಬಡಗಿಯೊಬ್ಬನ ಕೃತಿಗೆ ದೇಶದ ಎಂಜಿನಿಯರುಗಳು ತಮ್ಮ ಮೊದಲನೆಯ ಗೌರವವನ್ನು ಸಲ್ಲಿಸಿದರೆಂಬುದು ಸಣ್ಣ ಮಾತಲ್ಲ. 1972ರಲ್ಲಿ ಸೇತುವೆಯ ಹೆಸರು ರಾಷ್ಟ್ರದ ಐತಿಹಾಸಿಕ ಸ್ಥಳಗಳ ಪಟ್ಟಿಯಲ್ಲಿ ಸೇರಿತು. 2000ದಲ್ಲಿ ಅದಕ್ಕೆ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತೆಂಬ ಇನ್ನೂ ಮೇಲಾದ ಪದವಿಯು ಬಂದಿತು. 1980ರ ದಶಕದಲ್ಲಿ ಸೇತುವೆಯ ಜೀರ್ಣೋದ್ಧಾರವು ನಡೆಯಿತು. ಈಗ ಹೊವಾರ್ಡ್ ಕೌಂಟಿಯೆಂಬ ಸ್ಥಳೀಯ ಆಡಳಿತವು ಅದನ್ನು ನೋಡಿಕೊಳ್ಳುತ್ತಿದೆ. ಹಳೆಯ ಗಿರಣಿಯ ಕಟ್ಟಡಗಳಲ್ಲಿ ಅಂಗಡಿಗಳೂ ಕಲಾವಿದರ ಕೊಠಡಿಗಳೂ ಇವೆ.

ಪಟ್ಟಿಯಲ್ಲಿ ಹೆಸರು ಬರೆದ ಮಾತ್ರಕ್ಕೆ ಕಬ್ಬಿಣವು ಉಳಿಯುವುದೆಂದು ಯಾರೂ ತಿಳಿಯಬಾರದು. ಕಬ್ಬಿಣಕ್ಕೆ ನೀರೂ ಗಾಳಿಯೂ ಕೂಡಿ ತಾಗಿದರೆ ತುಕ್ಕು ಹುಟ್ಟುತ್ತದೆ. ತುಕ್ಕು ಲೋಹಕ್ಕಿಂತ ಹೆಚ್ಚು ಸ್ಥಳವನ್ನು ಆಕ್ರಮಿಸುವುದರಿಂದ, ಎರಡು ತುಂಡುಗಳು ಸೇರುವ ಸಂದಿಯಲ್ಲಿ ಅದು ಬೆಳೆದರೆ ಬಿಗಿಯಾದ ಜೋಡಣೆಯನ್ನೂ ಸೀಳಿಬಿಡುವುದು. ಆದುದರಿಂದ ಹಳೆಯ ಕಬ್ಬಿಣದ ಸೇತುವೆಯನ್ನು ಕಾಪಾಡುವವರ ಮೊದಲನೆಯ ಕೆಲಸವು ಬಹು ಸಾಧಾರಣವಾದುದು: ಸಂದಿಗೊಂದಿಗಳಲ್ಲಿ ಸೇರಿದ ಎಲೆ, ಮಣ್ಣು, ಹಕ್ಕಿಯ ಹಿಕ್ಕೆ ಇವುಗಳನ್ನು ತೆಗೆದು ನೀರು ನಿಲ್ಲದಂತೆ ಮಾಡುವುದು. ಎರಡನೆಯದು, ತುಕ್ಕನ್ನು ಕೆರೆದು ಕಾಲಕಾಲಕ್ಕೆ ಬಣ್ಣ ಹಚ್ಚುವುದು. ಮೂರನೆಯದು, ಕೊಳೆತ ಮರದ ಹಲಗೆಗಳನ್ನೂ ತೊಲೆಗಳನ್ನೂ ಬದಲಾಯಿಸುವುದು. ನಾಲ್ಕನೆಯದು, ಸರಳುಗಳ ಬಿಗಿಯನ್ನೂ ಕಲ್ಲುಕಂಬದ ಬುಡವನ್ನೂ, ವಿಶೇಷವಾಗಿ ಪ್ರವಾಹವು ಇಳಿದ ಬಳಿಕ, ಪರೀಕ್ಷಿಸುವುದು. ಇವುಗಳಲ್ಲಿ ಒಂದಾದರೂ ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ. ಮನೆಯ ಅಂಗಳವನ್ನು ನಿನ್ನೆ ಗುಡಿಸಿದೆವೆಂದು ಇಂದು ಬಿಡಲಾದೀತೆ?

ಇದರಲ್ಲಿ ಇನ್ನೊಂದು ಸೂಕ್ಷ್ಮವಾದ ಪ್ರಶ್ನೆಯೂ ಅಡಗಿದೆ. ಕೆಟ್ಟ ತುಂಡುಗಳನ್ನೆಲ್ಲ ಹೊಸದಾಗಿ ಮಾಡಿಸುತ್ತ ಹೋದರೆ ಕೊನೆಗೆ ಉಳಿಯುವುದು ಹಳೆಯ ಸೇತುವೆಯ ಪ್ರತಿಯೇ ಹೊರತು ಹಳೆಯ ಸೇತುವೆಯಲ್ಲ. ಏನನ್ನೂ ಬದಲಾಯಿಸದಿದ್ದರೆ ಒಂದು ದಿನ ಎಲ್ಲವೂ ಹೊಳೆಯ ಪಾಲಾಗುವುದು. ತಿಳಿದವರು ಈ ಎರಡಕ್ಕೂ ನಡುವಣ ದಾರಿಯನ್ನು ಹಿಡಿಯುತ್ತಾರೆ. ಉಳಿಸಬಹುದಾದ ತುಂಡನ್ನು ದುರಸ್ತಿಮಾಡಿ ಉಳಿಸುವುದು. ಉಳಿಸಲಾಗದ್ದನ್ನು ಮಾತ್ರ ಅದೇ ಆಕಾರದಲ್ಲಿ ಬದಲಾಯಿಸುವುದು. ಬದಲಾಯಿಸಿದುದನ್ನು ಗುರುತುಹಾಕಿ ಬರೆದಿಡುವುದು. ಇದಕ್ಕಾಗಿ ಅಳತೆಯ ನಕ್ಷೆಗಳೂ ಛಾಯಾಚಿತ್ರಗಳೂ ಬೇಕು. ಅಮೆರಿಕಾದಲ್ಲಿ ಎಂಜಿನಿಯರಿಂಗ್ ಕಟ್ಟಡಗಳ ಇಂಥ ದಾಖಲೆಗಳನ್ನು ಸಿದ್ಧಪಡಿಸುವುದಕ್ಕಾಗಿಯೇ 1969ರಲ್ಲಿ ಒಂದು ಸರಕಾರಿ ಶಾಖೆಯು ಸ್ಥಾಪಿತವಾಯಿತು. ಅದು ಮಾಡಿಸಿದ ದಾಖಲೆಗಳು ಲೈಬ್ರರಿ ಆಫ್ ಕಾಂಗ್ರೆಸ್ ಎಂಬ ಮಹಾಗ್ರಂಥಾಲಯದಲ್ಲಿವೆ. ಅವುಗಳಲ್ಲಿ ಸ್ಯಾವೇಜ್ ಸೇತುವೆಯದೂ ಸೇರಿದೆ. ನಾಳೆ ಪ್ರವಾಹವೊಂದು ಬಂದು ಸೇತುವೆಯನ್ನು ಒಯ್ದರೂ ಅದರ ಅಳತೆಯು ಲೋಕಕ್ಕೆ ನಷ್ಟವಾಗದು.

ಏತಕ್ಕಾಗಿ ಉಳಿಸಬೇಕು?

ಇಷ್ಟೆಲ್ಲ ಶ್ರಮವೂ ಹಣವೂ ರೈಲು ಓಡದ ಸೇತುವೆಗೆ ಏಕೆಂದು ಕೆಲವರು ಕೇಳಬಹುದು. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಬಿಡುವುದು ನ್ಯಾಯವಲ್ಲ. ಹಣವು ಮಿತವಾದುದು, ಆಸ್ಪತ್ರೆಗೂ ಶಾಲೆಗೂ ಕುಡಿಯುವ ನೀರಿಗೂ ಅದು ಬೇಕು. ಹಳೆಯದೆಂಬ ಒಂದೇ ಕಾರಣದಿಂದ ಎಲ್ಲವನ್ನೂ ಉಳಿಸುವುದು ಸಾಧ್ಯವೂ ಅಲ್ಲ, ಸಾಧುವೂ ಅಲ್ಲ. ಬೋಲ್ಮನ್ ಸೇತುವೆಗಳು ನೂರೂ ಇಂದು ನಿಂತಿದ್ದರೆ ಅವುಗಳಲ್ಲಿ ಹಲವನ್ನು ಇಳಿಸಬೇಕೆಂದು ನಾವೇ ಹೇಳುತ್ತಿದ್ದೆವು. ಆದರೆ ನೂರರಲ್ಲಿ ಒಂದು ಉಳಿದಾಗ ಅದರ ಬೆಲೆಯೇ ಬೇರೆಯಾಗುವುದು. ಆ ಒಂದು ಹೋದರೆ ಒಂದು ಸೇತುವೆಯು ಹೋದಂತಲ್ಲ. ಒಂದು ಬಗೆಯ ಆಲೋಚನೆಯ ಕಡೆಯ ಸಾಕ್ಷಿಯು ಹೋದಂತೆ. ಮರದಿಂದ ಕಬ್ಬಿಣಕ್ಕೆ ದಾಟುವಾಗ ಮನುಷ್ಯರು ಯಾವುದಕ್ಕೆ ಅಂಜಿದರು, ಯಾವುದನ್ನು ನಂಬಿದರು, ಎಲ್ಲಿ ಎಡವಿದರು ಎಂಬುದನ್ನು ಪುಸ್ತಕವೂ ಹೇಳೀತು. ಆದರೆ ಕೈಯಿಂದ ಸರಳನ್ನು ಮುಟ್ಟಿ, ಅದು ಕಂಬದ ತಲೆಯವರೆಗೆ ಹೋಗುವುದನ್ನು ಕಣ್ಣಿನಿಂದ ಹಿಂಬಾಲಿಸಿದ ವಿದ್ಯಾರ್ಥಿಯು ಕಲಿಯುವ ಪಾಠವನ್ನು ಪುಸ್ತಕವು ಕಲಿಸಲಾರದು. ಸೇತುವೆಯು ಗಾಡಿಗಳನ್ನು ಹೊರುವುದನ್ನು ಬಿಟ್ಟಿದೆ. ಪಾಠ ಹೇಳುವುದನ್ನು ಬಿಟ್ಟಿಲ್ಲ.

ಉಪಯೋಗವೂ ಪೂರ್ತಿಯಾಗಿ ಹೋಗಿಲ್ಲವೆಂಬುದನ್ನು ಗಮನಿಸಬೇಕು. ಅಲ್ಲಿ ಜನರು ನಡೆದಾಡುತ್ತಾರೆ, ಮಕ್ಕಳು ನಿಂತು ಹೊಳೆಯನ್ನು ನೋಡುತ್ತಾರೆ. ಜನರು ಓಡಾಡುವ ಸ್ಥಳದಲ್ಲಿ ಸಡಿಲವಾದ ಹಲಗೆಯನ್ನು ಯಾರಾದರೂ ಕಂಡು ಹೇಳುವರು. ಬೇಲಿಹಾಕಿ ಬೀಗವಿಟ್ಟು ಕಾಪಾಡಿದ ವಸ್ತುವಿಗಿಂತ, ತಕ್ಕ ಮಟ್ಟಿಗೆ ಬಳಕೆಯಲ್ಲಿರುವ ವಸ್ತುವು ಹೆಚ್ಚು ದಿನ ಬಾಳುವುದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಕೊನೆಯದಾಗಿ ಒಂದು ಸಂಗತಿಯನ್ನು ಹೇಳಲೇಬೇಕು. 1869ರಲ್ಲಿ ಈ ಸೇತುವೆಯನ್ನು ಮೊದಲು ನಿಲ್ಲಿಸಿದ್ದು ಮುಖ್ಯದಾರಿಯ ಯಾವ ಸ್ಥಳದಲ್ಲಿ ಎಂಬುದಕ್ಕೆ ದಾಖಲೆಯು ಉಳಿದುಬಂದಿಲ್ಲ. ಕಬ್ಬಿಣವು 18 ವರ್ಷಗಳ ರೈಲುಗಳ ಭಾರವನ್ನು ತಾಳಿತು, ಬಿಚ್ಚುವುದನ್ನು ತಾಳಿತು, ಮತ್ತೆ ಜೋಡಿಸುವುದನ್ನು ತಾಳಿತು, ಆಮೇಲಿನ ಮಳೆಗಾಲಗಳನ್ನೂ ಚಳಿಗಾಲಗಳನ್ನೂ ತಾಳಿತು. ಒಂದು ಸಾಲಿನ ಬರಹವು ಮಾತ್ರ ತಾಳಲಿಲ್ಲ. ಅದನ್ನು ಬಿಚ್ಚಿ ತಂದವರಿಗೆಲ್ಲ ಆ ಸ್ಥಳವು ಅಂಗೈಯ ಗೆರೆಯಂತೆ ಗೊತ್ತಿದ್ದಿರಬೇಕು. ಎಲ್ಲರಿಗೂ ಗೊತ್ತಿದ್ದ ಸಂಗತಿಯನ್ನು ಬರೆದಿಡಬೇಕೆಂದು ಯಾರಿಗೂ ತೋರುವುದಿಲ್ಲ. ಅವರೆಲ್ಲರೂ ತೀರಿದ ಮೇಲೆ ಆ ಸಂಗತಿಯು ಯಾರಿಗೂ ಗೊತ್ತಿರುವುದಿಲ್ಲ.

ಶಾಲೆಯ ಸ್ಮರಣಸಂಚಿಕೆಯನ್ನು ಕೈಯಲ್ಲಿ ಹಿಡಿದಿರುವ ನಮಗೆ ಈ ಪಾಠವು ದೂರದ್ದಲ್ಲ. ಹಳೆಯ ವಿದ್ಯಾರ್ಥಿನಿಯರ ಮನೆಗಳಲ್ಲಿ ತರಗತಿಯ ಛಾಯಾಚಿತ್ರಗಳುಂಟು, ಪ್ರಗತಿಪತ್ರಗಳುಂಟು, ಹೊಲಿಗೆಯ ಮಾದರಿಗಳುಂಟು, ಹಾಡಿನ ನೋಟುಬುಕ್ಕುಗಳುಂಟು. ಚಿತ್ರದಲ್ಲಿ ಎರಡನೆಯ ಸಾಲಿನಲ್ಲಿ ನಿಂತವಳು ಯಾರೆಂದು ಇಂದು ನೋಡಿದೊಡನೆಯೇ ಹೇಳಬಲ್ಲೆವು, ಮೊಮ್ಮಕ್ಕಳು ಹೇಳಲಾರರು. ಆದುದರಿಂದ ಚಿತ್ರದ ಬೆನ್ನಿನ ಮೇಲೆ ಇಸವಿಯನ್ನೂ ತರಗತಿಯನ್ನೂ ನಿಂತವರ ಹೆಸರುಗಳನ್ನೂ ಸೀಸದ ಕಡ್ಡಿಯಿಂದ ಮೆಲ್ಲನೆ ಬರೆದಿಡಿರಿ. ತಂದೆತಾಯಿಗಳು ಮನೆಯ ಹಳೆಯ ಪಾತ್ರೆ, ತೊಟ್ಟಿಲು, ಪೆಟ್ಟಿಗೆಗಳ ಕಥೆಯನ್ನು ಮಕ್ಕಳ ಕೈಯಿಂದಲೇ ಬರೆಯಿಸಿಡಲಿ. ಎಲ್ಲವನ್ನೂ ಉಳಿಸಿಕೊಳ್ಳಲು ಯಾರಿಂದಲೂ ಆಗದು. ಆದರೆ ಉಳಿದುದು ಯಾವುದು, ಎಲ್ಲಿಂದ ಬಂದಿತು, ಯಾರ ಕೈಯಲ್ಲಿ ದುಡಿಯಿತು ಎಂಬುದನ್ನು ಬರೆಯಲು ಒಂದು ಸಂಜೆಯು ಸಾಕು. ಅಷ್ಟನ್ನು ಮಾಡಿದವರು ಮುಂದಿನವರಿಗೆ ದಾಟಲು ಒಂದು ದಾರಿಯನ್ನು ಬಿಟ್ಟುಹೋದಂತಾಗುವುದು.